ಜಮೇದಾರರ ಹಸುರು ಪಹರೆ

ಇದು ನಡೆದ ಕಥೆ. ಅಲ್ಲಲ್ಲಿ ನಾನು ಸ್ವಲ್ಪ ಬಣ್ಣ ಕಟ್ಟಿರಬಹುದು, ಅಷ್ಟೆ. ನಂಬದವರು ಮಧುಗಿರಿಗೆ ಹೋಗಿ, ಕೋಟೆಯ ಕೆಳಗಿನ ನಮ್ಮ ಬೀದಿಯಲ್ಲಿ ವಿಚಾರಿಸಬಹುದು. ಆದರೆ ನಂಬದಿರುವುದರಲ್ಲಿ ನಿಮ್ಮೆಲ್ಲರನ್ನೂ ಮೀರಿಸಿದವರೇ ಈ ಕಥೆಯ ನಾಯಕರು.

ಹೆಸರು ಮೂಡಲಗಿರಿಯಪ್ಪ. ಮಹಾರಾಜರ ಪೊಲೀಸಿನಲ್ಲಿ ಜಮೇದಾರರಾಗಿ ಸಿರಾ, ಪಾವಗಡ, ಕೊರಟಗೆರೆ ಎಂದು ಸುತ್ತಿ, ಪಿಂಚಣಿ ಪಡೆದು ಊರಿಗೆ ಬಂದಿದ್ದರು. ಅವರಿಗಿದ್ದದ್ದು ಒಂದೇ ಆಸೆ. ಸರ್ವೀಸಿನಲ್ಲಿ ಸಾಹೇಬರ ಬಂಗಲೆಯ ಮುಂದೆ ಪಹರೆ ನಿಂತು ನಿಂತು ಅವರ ಕಾಲು ಸವೆದಿತ್ತು. ಬಂಗಲೆಯ ಅಂಗಳದ ಅಂಚಿಗೆ ಮೊಣಕಾಲೆತ್ತರದ ಹಸುರು ಗಿಡಗಳ ಸಾಲು. ಸಾಲಿನ ಒಳಗೆ ಕುರ್ಚಿ, ಕುರ್ಚಿಯಲ್ಲಿ ಸಾಹೇಬರು, ಸಾಹೇಬರ ಕೈಯಲ್ಲಿ ಕಾಫಿ. ಹೊರಗೆ ಬಿಸಿಲು, ಬಿಸಿಲಲ್ಲಿ ಇವರು. ಕಣ್ಣು ಮುಚ್ಚುವುದರೊಳಗೆ ಅಂಥ ಸಾಲೊಂದರ ಒಳಗೆ ತಾವೂ ಕೂತು ಕಾಫಿ ಕುಡಿಯಬೇಕು.

ಅದಕ್ಕೆಂದೇ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿ ಗಿಡ್ಡ ಜಾತಿಯ ಗಿಡಗಳನ್ನು ಕೊಂಡು ತಂದರು. ಎಲೆ ಕಿರುಬೆರಳಿನ ಉಗುರಿನಷ್ಟು. ಬೇಸಿಗೆಯಲ್ಲೂ ಉದುರುವುದಿಲ್ಲ, ಹೂವಿಲ್ಲ, ಕಾಯಿಲ್ಲ, ಕತ್ತರಿಸಿದಷ್ಟೂ ಗುಂಡಗಾಗುತ್ತದೆ. ಅದರ ಉದ್ದನೆಯ ಇಂಗ್ಲಿಷ್ ಹೆಸರು ಬಸ್ಸಿನ ಟಾಪಿನಿಂದ ಕೊರಟಗೆರೆಯಲ್ಲೇ ಬಿದ್ದುಹೋಯಿತು. ನಮ್ಮ ಬೀದಿ ಅದನ್ನು ಜಮೇದಾರನ ಗಿಡ ಎಂದು ಕರೆಯಿತು. ಅದೇ ಕುಳ್ಳು, ಅದೇ ಕ್ರಾಪು, ಅದೇ ಅಟೆನ್ಷನ್.

ನೆಟ್ಟ ವಾರದಲ್ಲೇ ಕುಡಿಗಳು ಮಾಯವಾಗತೊಡಗಿದವು. ಜಮೇದಾರರು ಗಿಡಗಳ ಸುತ್ತ ಬೂದಿ ಚೆಲ್ಲಿ ಹೆಜ್ಜೆ ಹುಡುಕಿದರು. ಸಿಕ್ಕಿದ್ದು ಬೆಕ್ಕಿನದು. ಬೆಕ್ಕಿನ ಮೇಲೂ ಕಣ್ಣಿಟ್ಟರು. ಆಮೇಲೆ ಜಗಲಿಯ ಮೇಲೆ ನಿಂತು ಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದರು. "ಮೊಕ ಬ್ಯಾಡ, ಕೈ ತೋರ್ಸು." ಮುಖ ಸುಳ್ಳು ಕಲಿಯುತ್ತದೆ, ಉಗುರು ಕಲಿಯುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಪಕ್ಕದ ಮನೆಯ ತಿಪ್ಪಯ್ಯ ನಮಸ್ಕಾರಕ್ಕೆ ಕೈಯೆತ್ತಿದರೂ ಮೊದಲು ಉಗುರು ನೋಡಿ, ಮಣ್ಣಿಲ್ಲವೆಂದು ಖಾತ್ರಿಯಾದ ಮೇಲೆಯೇ ಪ್ರತಿನಮಸ್ಕಾರ.

ನಾನಾಗ ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆಗೆ ಸೋದರತ್ತೆ ಕದರಮ್ಮನ ಮನೆಗೆ ಬಂದಿದ್ದೆ. ಜಮೇದಾರರ ಎದುರುಮನೆಯೇ ಅದು. ಕಾಲೇಜಿನಲ್ಲಿ ನನಗೆ ಹೆಸರು ಬಂದದ್ದು ಪ್ರೊಫೆಸರರ ಪಾಠದಿಂದಲ್ಲ, ಅವರ ಗಂಟಲಿನಿಂದ. ಅವರು ಬಾರದ ದಿನವೂ ಬಾಗಿಲಾಚೆ ನಿಂತು ಅವರ ದನಿಯಲ್ಲಿ ಹಾಜರಿ ಕೂಗಿದವನು ನಾನು. ಜಮೇದಾರರು ನನ್ನ ಕೈಯನ್ನೂ ತಿರುವಿ ನೋಡಿದರು. "ಓದಿದೋನ ಉಗುರು ಇಷ್ಟು ಕ್ಲೀನಾಗಿರೋದೇ ನಂಗೆ ಅನುಮಾನ," ಎಂದರು.

ಬೇಲಿಗೆ ಕಳ್ಳಿ ನೆಡುವ ಊರು ನಮ್ಮದು. ಈ ಬೇಲಿಗೆ ಬಿದ್ದ ಕಳ್ಳಿ ನಮ್ಮತ್ತೆ. ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದು ತಂದರೇ ಬೇರು ಬಿಡುತ್ತದೆ ಎಂದು ಇಡೀ ಬೀದಿಯ ಹೆಂಗಸರು ನಂಬಿದ್ದರು. ಅತ್ತೆ ಕದ್ದ ಕುಡಿಗಳನ್ನು ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಳು. ಉಗುರಿನ ತಪಾಸಣೆಗೆ ಮುಂಚೆ ಅಂಗಳ ಸಾರಿಸಿ ಕೈತುಂಬ ಸಗಣಿ ಮಾಡಿಕೊಂಡು ಹೊರಗೆ ಬರುತ್ತಿದ್ದಳು.

ಕದ್ದವು ಚಿಗುರಿದವು. ಕೊಂಡವು ಒಣಗಿದವು. ಏಕೆಂದರೆ ಜಮೇದಾರರು ಗಿಡಗಳನ್ನೂ ನಂಬಲಿಲ್ಲ. ಬೇರು ಬಿಟ್ಟಿದೆಯೋ, ಬಿಟ್ಟಂತೆ ನಟಿಸುತ್ತಿದೆಯೋ ಎಂದು ಬೆಳಗಾಗೆದ್ದು ಒಂದೊಂದನ್ನೇ ಕಿತ್ತು ನೋಡಿ ಮತ್ತೆ ನೆಡುತ್ತಿದ್ದರು. ವಿಚಾರಣೆ ತಾಳಲಾರದೆ ಅವು ಸಾಲಾಗಿ ಪ್ರಾಣ ಬಿಟ್ಟವು.

ಅಲ್ಲಿಂದ ಜಮೇದಾರರು ಜಗಲಿಗೆ ಬರಲಿಲ್ಲ. ಒಳಗೇ ಗೋಡೆಗೆ ಮುಖ ಮಾಡಿ ಕಾಫಿ ಕುಡಿಯುತ್ತಾರೆಂದು ಅವರ ಹೆಂಡತಿ ಜಯಕ್ಕ ಬಂದು ಹೇಳಿದಾಗ ಅತ್ತೆ ಕರಗಿಹೋದಳು. ಹೋಗಿ ತಪ್ಪೊಪ್ಪಿಕೊಂಡಳು. ನಾನೂ ಹಿಂದೆ ಹೋಗಿದ್ದೆ. ಅವರು ಬೈಯಲಿಲ್ಲ. ಸುಮ್ಮನೆ, ಒಂದು ಗಿಡ ಕೊಡುತ್ತೀಯಾ ಎಂದು ಕೇಳಿದರು.

"ಕೊಟ್ರೆ ಬದುಕಾಕಿಲ್ಲ ಜಮೇದಾರಣ್ಣ. ಕಾಸು ಕೊಟ್ಟು ತಂದವು ಏನಾದ್ವು ನೋಡ್ದಲ್ಲ," ಎಂದಳು ಅತ್ತೆ. "ಊಟ ಆದ್ಮ್ಯಾಕೆ ನಾನು ಮಲಗ್ತೀನಿ. ಹಿತ್ಲು ಬಾಗ್ಲು ತೆಗ್ದೇ ಇರ್ತೈತೆ. ಕದ್ಕೊಂಡು ಹೋಗು. ನೆಟ್ಟ ಮ್ಯಾಕೆ ಕಿತ್ತು ಮಾತ್ರ ನೋಡ್‌ಬ್ಯಾಡ."

"ಕಳ್ಳರ್ನ ಹಿಡ್ದ ಕೈ ಕಣಮ್ಮ ಇದು," ಎಂದು ಅವರು ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡರು. ಆದರೆ ಕಣ್ಣು ಅಂಗಳದ ಒಣಕಡ್ಡಿಗಳ ಮೇಲಿತ್ತು.

ಮಧ್ಯಾಹ್ನ ಬಂದರು. ಮೆಟ್ಟು ಕೈಯಲ್ಲಿ, ನಡಿಗೆ ತುದಿಗಾಲಲ್ಲಿ. ಜೀವಮಾನವಿಡೀ ಬೆನ್ನಟ್ಟಿದ ಕಳ್ಳರಿಂದಲೇ ಕಲಿತ ನಡಿಗೆ. ನಾನು ಹುಲ್ಲಿನ ಬಣವೆಯ ಹಿಂದಿದ್ದೆ. ನಿದ್ದೆಯಲ್ಲಿರಬೇಕಾದ ಅತ್ತೆ ಜಯಕ್ಕನನ್ನೂ ಕರೆದುಕೊಂಡು ಅಡುಗೆಮನೆಯ ಕಿಟಕಿಯಲ್ಲಿದ್ದಳು. ಜಮೇದಾರರು ಮಂಡಿಯೂರಿ, ಬೆರಳಲ್ಲೇ ಸುತ್ತ ಬಗೆದು, ಬೇರಿನ ಮಣ್ಣು ಉದುರದಂತೆ ಒಂದು ಗಿಡವನ್ನು ಎತ್ತಿಕೊಂಡರು. ಅವರ ಮುಖದಲ್ಲಿ ಅನುಮಾನವಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಹೊಟ್ಟೆಯಿಂದ ಉಸಿರೆಳೆದು, ಅವರದೇ ಗಂಟಲನ್ನು ನನ್ನ ಗಂಟಲಿಗೆ ತೊಡಿಸಿದೆ.

"ಯಾವನ್ಲಾ ಅದು? ಮೊಕ ಬ್ಯಾಡ, ಕೈ ತೋರ್ಸು."

ಎರಡು ಕೈಯೂ ಮೇಲೆದ್ದವು. ಉಗುರಿನ ತುಂಬ ಮಣ್ಣು, ಬಲಗೈಯಲ್ಲಿ ಮಾಲು. ಅವರು ತಿರುಗಲಿಲ್ಲ. ಹೆಗಲು ಅಲುಗತೊಡಗಿತು. ಅತಿಯಾಯಿತೇನೋ ಎಂದು ನಾನು ಬಣವೆಯ ಮರೆಯಿಂದ ಇಣುಕಿದೆ. ಅಷ್ಟರಲ್ಲಿ ಕಿಟಕಿಯಲ್ಲಿ ಬಳೆಯ ಸದ್ದಾಯಿತು.

ಕೈ ಇಳಿಸದೆಯೇ ಅವರು ಕೇಳಿದರು. "ಲೇ ಇವ್ಳೇ, ನನ್ನ ಗಂಟ್ಲು ಇಂಗೇ ಐತೇನೇ?"

"ಇದ್ಕಿಂತ ಕೆಟ್ಟದಾಗೈತೆ ಬುಡಿ," ಎಂದಳು ಜಯಕ್ಕ.

ಮೊದಲು ಅತ್ತೆ ನಕ್ಕಳು, ಆಮೇಲೆ ಜಯಕ್ಕ, ಬಣವೆಯ ಹಿಂದೆ ನಾನು. ಕೊನೆಗೆ ಶುರು ಮಾಡಿದವರು ಜಮೇದಾರರು. ನಾವೆಲ್ಲ ನಕ್ಕು ಸುಸ್ತಾಗಿ ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ. ಮೀಸೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗಿಡವನ್ನು ಮಾತ್ರ ತಲೆಯ ಮೇಲೆ ಭದ್ರವಾಗಿ ಹಿಡಿದು, ಬೀದಿಯಾಚೆಯ ತಿಪ್ಪಯ್ಯ ಎದ್ದು ಬರುವಷ್ಟು ಜೋರಾಗಿ ನಗುತ್ತಿದ್ದರು.