ಒಂಬತ್ತು ಗಂಟೆಯ ಹಿಟ್ಟು

ಅವಳನ್ನು ಮೊದಲು ಬುಗುರಿ ಎಂದು ಕರೆದವನು ಗಂಡನೇ, ಅದೂ ಮದುವೆಯಾದ ವಾರದಲ್ಲೇ. ಒಂದು ಕೈಯಲ್ಲಿ ಬನ್ ಕಟ್ಟುತ್ತ, ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತ, ಬಾಯಲ್ಲಿ ಬೀದಿಯವರನ್ನೆಲ್ಲ ವಿಚಾರಿಸಿಕೊಳ್ಳುವ ಹೆಂಗಸಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ ಬಿಡಿ. ಬೇಕರಿಗೆ ಬರುವವರಿಗೆ ಅವಳು ಅಕ್ಕ, ಗಂಡ ಮೇಸ್ತ್ರಿ. ಅವನು ಭಟ್ಟಿ ನೋಡಿಕೊಂಡರೆ ಇವಳು ಗಿರಾಕಿಗಳನ್ನು ನೋಡಿಕೊಳ್ಳುವಳು. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು.

ಅಂಥ ಬುಗುರಿ ಈ ಶನಿವಾರ ಬೆಳಿಗ್ಗೆ ಮರದ ಮರಿಗೆಯ ಮುಂದೆ ಕಂಬದ ಹಾಗೆ ನಿಂತುಬಿಟ್ಟಿದ್ದಳು. ಮರಿಗೆಯಲ್ಲಿ ಹಿಟ್ಟು ಸುರಿದಾಗಿತ್ತು, ಬಟ್ಟಲಲ್ಲಿ ಯೀಸ್ಟ್ ನೊರೆಯೆದ್ದಿತ್ತು, ಕೈ ಮೂರು ಸಲ ತೊಳೆದಾಗಿತ್ತು. ಹಿಟ್ಟಿಗೆ ಕೈ ಹಾಕಲು ಮಾತ್ರ ಆಗುತ್ತಿಲ್ಲ.

ದಿನದ ಬ್ರೆಡ್ಡಿಗೆ ಮಷಿನ್ ಇತ್ತು. ಮಷಿನ್ನಿಗೆ ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ಅದರ ಮೇಲೆ ದೂರಿಲ್ಲ, ಗರಗರ ತಿರುಗುತ್ತದೆ ಅಷ್ಟೆ. ಆದರೆ ಇದು ನಾಳೆ ದೇವಾಲಯದಲ್ಲಿ ಕರ್ತನ ಭೋಜನಕ್ಕೆ ಪಾದ್ರಿ ಮುರಿದು ಸಭೆಗೆಲ್ಲ ಹಂಚುವ ರೊಟ್ಟಿ. ಮೂರು ತಲೆಮಾರಿನಿಂದ ಇದೇ ಬೇಕರಿಯಿಂದ ಹೋಗುವ ರೊಟ್ಟಿ, ಕೈಯಿಂದಲೇ ನಾದಬೇಕು. ಅದಕ್ಕೊಂದು ಕಟ್ಟಳೆಯನ್ನೂ ಸತ್ತುಹೋದ ಅತ್ತೆ ಹಾಕಿಟ್ಟಿದ್ದರು. "ಯಾರಿಗಾದ್ರೂ ನಿನ್ನ ಮೇಲೆ ಏನಾದ್ರೂ ಇದ್ರೆ ಮೊದಲು ಅವರ ಹತ್ರ ಹೋಗಿ ಸರಿಮಾಡ್ಕೊಂಡು ಬಾ. ಆಮೇಲೆ ಕರ್ತನ ಹಿಟ್ಟಿಗೆ ಕೈ ಹಾಕು. ಇಲ್ದಿದ್ರೆ ರೊಟ್ಟಿ ಉಬ್ಬಿದ್ರೂ ಮೈಗೆ ಹತ್ತಲ್ಲ." ಮೇಸ್ತ್ರಿ ಪ್ರತಿ ಶನಿವಾರ ಬೆಳಗಾಗುತ್ತಲೇ ಬೀದಿಯಲ್ಲೊಂದು ಸುತ್ತು ಹಾಕಿ, ಸಿಳ್ಳೆ ಹೊಡೆಯುತ್ತ ಬಂದು ಹಿಟ್ಟಿಗೆ ಕೈ ಹಾಕುತ್ತಿದ್ದ. "ನೀವು ಕ್ಷಮೆ ಕೇಳೋಕೆ ಹೋಗ್ತೀರೋ, ಚಹಾ ಕುಡಿಯೋಕೆ ಹೋಗ್ತೀರೋ?" ಎಂದು ಬುಗುರಿ ರೇಗಿಸುತ್ತಿದ್ದಳು.

ಅವನು ಲಕ್ವ ಹೊಡೆದು ಬಿದ್ದು ನಾಲ್ಕು ತಿಂಗಳಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸಭೆಯವರು ಅಂಗಡಿ ಬ್ರೆಡ್ಡಿನಲ್ಲೇ ಕಾಲ ಹಾಕಿದ್ದರು. ಮೊನ್ನೆ ಪಾದ್ರಿ ಬಂದು, "ಈ ವಾರ ನಿಮ್ಮ ಕೈಯಿಂದ ಆಗುತ್ತಾಮ್ಮಾ?" ಎಂದಾಗ ಬುಗುರಿಯ ನಾಲಿಗೆ ತಲೆಗಿಂತ ಮುಂಚೆ ಓಡಿ "ಮಾಡ್ತೀನಿ" ಎಂದುಬಿಟ್ಟಿತ್ತು. ಮಧ್ಯಾಹ್ನ ಮೂರರೊಳಗೆ ನಾದಿದರೆ ಆಯಿತು. ಇಲ್ಲವಾದರೆ ಭಟ್ಟಿ ಆರುವ ಹೊತ್ತಿಗೆ ಹಿಟ್ಟು ಉಬ್ಬಿರುವುದಿಲ್ಲ, ನಾಳೆ ಮೇಜಿನ ಮೇಲೆ ಮತ್ತೆ ಅಂಗಡಿ ಬ್ರೆಡ್ಡು.

ಯಾರಿಗೆ ನನ್ನ ಮೇಲೆ ಏನಿದೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೈ ಮುಂದೆ ಹೋಗುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದಿನ ಶನಿವಾರ, ಗೋಡೆ ಗಡಿಯಾರ ಒಂಬತ್ತು ಹೊಡೆಯುವಾಗ, ಇದೇ ಮರಿಗೆಯಿಂದ ಕೈ ಎತ್ತಿ ಮೇಸ್ತ್ರಿ ಹೇಳಿದ್ದ: "ಏ ಬುಗುರಿ, ಬಲಗೈ ಯಾಕೋ ಜೋಮು ಹಿಡಿದ ಹಾಗಿದೆ ಕಣೇ." ಇವಳು ತಿರುಗಿಯೂ ನೋಡದೆ, "ಕೆಲಸ ಇದ್ದಾಗ್ಲೇ ನಿಮ್ಮ ಕೈಗೆ ಜೋಮು ಬರೋದು. ನಾಟಕ ಸಾಕು, ನಾದ್ರಿ" ಎಂದಿದ್ದಳು. ಅವನು ನಕ್ಕ, ನಾದಿದ. ಹತ್ತೂವರೆಗೆ ಕುಸಿದು ಬಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು, "ಶುರುವಾಗಿದ್ದು ಎಷ್ಟು ಹೊತ್ತಿಗೆ? ಮದ್ದು ಕೊಡೋದು ಅದರ ಮೇಲಿದೆ" ಎಂದು ಕೇಳಿದಾಗ ಬುಗುರಿ, "ಈಗ್ಲೇ, ಹತ್ತೂವರೆಗೆ" ಎಂದಳು. ಸ್ಟ್ರೆಚರಿನ ಮೇಲಿದ್ದವನು ಸೊಟ್ಟಗಾದ ಬಾಯನ್ನು ಒದ್ದಾಡಿಸಿ ಹೇಳಿದ: "ಒಂಬತ್ತು."

ಅಂದಿನಿಂದ ಅವನಿಗೆ ಉಳಿದದ್ದು ಅದೊಂದೇ ಮಾತು. ನೀರು ಬೇಕಾ ಅಂದರೆ ಒಂಬತ್ತು, ನೋವಾಗ್ತಿದೆಯಾ ಅಂದರೆ ಒಂಬತ್ತು, ಪಾದ್ರಿ ಬಂದು ಪ್ರಾರ್ಥಿಸಿದರೆ ಆಮೆನ್ ಬದಲಿಗೂ ಒಂಬತ್ತು. ಒಂದು ಟ್ರೇಗೆ ಒಂಬತ್ತು ಬನ್ನು, ಪಾಪ, ಅದೇ ಲೆಕ್ಕ ತಲೆಯಲ್ಲಿ ಉಳಿದಿದೆ ಎಂದು ಎಲ್ಲರೂ ಅಂದುಕೊಂಡರು. ಅದು ಯಾವ ಒಂಬತ್ತು ಎಂದು ಬುಗುರಿಗೊಬ್ಬಳಿಗೇ ಗೊತ್ತು. ಅವನು ಬಾಯಿ ತೆರೆದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬೇಕರಿಗೂ ಅವನ ಕೋಣೆಗೂ ನಡುವಿನ ಬಾಗಿಲನ್ನು ಅವಳು ಆಗಲೇ ಮುಚ್ಚಿದ್ದು.

ಈಗ ಏನು ಮಾಡಿದಳು ಅಂತೀರಿ? ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತಲ್ಲ, ಹಾಗೆ ಮರಿಗೆಗೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ಮೊದಲು ಎದುರಿನ ದರ್ಜಿ. ಅವಳೂ ಅದೇ ಸಭೆಯವಳು, ಗಾಯನ ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು.

"ನೋಡು, ನನ್ನಿಂದ ತಪ್ಪಾಗಿದೆ. ನಿನ್ನ ಹಾಡು ಕೇಳಿದ್ರೆ ನಮ್ಮನೆ ಹಿಟ್ಟೂ ಉಬ್ಬಲ್ಲ ಅಂತ ಅಂದಿದ್ದೆ. ಮನಸ್ಸಲ್ಲಿ ಇಟ್ಕೋಬೇಡ."

ದರ್ಜಿ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. "ನೀನು ಹಾಗಂದಿದ್ಯಾ? ಯಾವಾಗ? ಯಾರ ಹತ್ರ?"

"ಅಯ್ಯೋ, ನಿನಗೆ ಗೊತ್ತಿರ್ಲಿಲ್ವಾ?"

"ಈಗ ಗೊತ್ತಾಯ್ತಲ್ಲ!"

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಮುಖ ಊದಿಸಿಕೊಂಡ ದರ್ಜಿ ಕತ್ತರಿಯನ್ನು ಟಪ್ಪೆಂದು ಮೇಜಿನ ಮೇಲಿಟ್ಟಳು. ಇಲ್ಲದ ಜಗಳವೊಂದನ್ನು ಹುಟ್ಟಿಸಿ ಬುಗುರಿ ಅಲ್ಲಿಂದ ಕಾಲ್ಕಿತ್ತಳು.

ಅಲ್ಲಿಂದ ನಾದಿನಿಯ ಮನೆ. ಮೇಸ್ತ್ರಿಯ ತಂಗಿ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ದಿನಾ ಸಂಜೆ ಬಂದು ಅಣ್ಣನ ಬಲಗೈಯ ಒಂದೊಂದೇ ಬೆರಳನ್ನು ಬಿಡಿಸಿ ತಿಕ್ಕಿ ಹೋಗುವವಳು. ಬುಗುರಿ ಹೋದಾಗ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಹೋದ ತಿಂಗಳು ಸುಸ್ತಲ್ಲಿ ನಿಮ್ಮಣ್ಣನ್ನ ನೀನೇ ನೋಡ್ಕೋ ಅಂದುಬಿಟ್ಟೆ. ಬೇಜಾರು ಮಾಡ್ಕೋಬೇಡ."

"ಅತ್ತಿಗೆ, ಅದನ್ನ ನಾನು ಆವತ್ತೇ ಮರ್ತೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಪಾತ್ರೆ ಎಸೀತಿದ್ದೆ." ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಕೇಳಿದಳು, "ಒಂದು ಕೇಳ್ಲಾ? ಆ ನಡುಬಾಗ್ಲು ಯಾಕೆ ಯಾವಾಗ್ಲೂ ಮುಚ್ಚಿರ್ತೀರಿ?"

"ಹಿಟ್ಟಿನ ಧೂಳು ಬರುತ್ತೆ ಅಂತ."

"ಅಣ್ಣ ಹುಟ್ಟಿದಾಗಿಂದ ಹಿಟ್ಟಿನ ಧೂಳು ಕುಡಿದೇ ಬೆಳೆದವನಲ್ವಾ ಅತ್ತಿಗೆ?"

ಬುಗುರಿಗೆ ಆ ಮನೆಯಲ್ಲಿ ಸೆಕೆ ಹೆಚ್ಚಾಯಿತು. ಕೆಲಸ ಇದೆ ಎಂದು ಎದ್ದಳು. ಹಾಲಿನವನ ಹತ್ತಿರ ಹೋದಳು, ಹಿಟ್ಟಿನ ಗಿರಣಿಯವನ ಹತ್ತಿರ ಹೋದಳು. ಯಾವತ್ತೋ ಮೂಟೆ ತೂಕದ ಬಗ್ಗೆ ಆಡಿದ ಮಾತನ್ನು ನೆನಪಿಸಿ ಕೈಮುಗಿದರೆ ಗಿರಣಿಯವನು ಹೆದರಿ, "ಅಕ್ಕಾ, ಬೇಕರಿ ಮುಚ್ತಾ ಇದ್ದೀರಾ ಹೇಗೆ?" ಎಂದು ಕೇಳಿದ. ಎಷ್ಟು ತಿರುಗಿದರೂ ಎದೆಯ ಭಾರ ಒಂದು ಚಿಟಿಕೆಯಷ್ಟೂ ಇಳಿಯಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಕೊನೆಗೆ ಕಾಲುಗಳು ದೇವಾಲಯದ ಕಡೆ ಎಳೆದವು. ಪಾದ್ರಿಗೆ ಕೊಟ್ಟ ಮಾತನ್ನು ವಾಪಸ್ ತೆಗೆದುಕೊಂಡುಬಿಡೋಣ ಎಂದು ನಿಶ್ಚಯಿಸಿಕೊಂಡಿದ್ದಳು.

ಪಾದ್ರಿ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದರು. "ಬನ್ನಿ ಬನ್ನಿ, ಏಣಿ ಹಿಡ್ಕೊಳ್ಳಿ. ನಾನು ಬಿದ್ರೆ ನಾಳೆ ಪ್ರಸಂಗ ಇರಲ್ಲ, ಜನಕ್ಕೆ ಹಬ್ಬ."

"ಅಯ್ಯನವ್ರೇ, ನನ್ನ ಕೈಲಿ ಆಗಲ್ಲ. ಅಂಗಡಿ ಬ್ರೆಡ್ಡೇ ತರಿಸ್ಕೊಳ್ಳಿ."

"ತರಿಸೋಣ, ಅದಕ್ಕೇನಂತೆ. ನಾಲ್ಕು ತಿಂಗಳು ಅದನ್ನೇ ತಿಂದಿದ್ದೀವಿ, ಯಾರೂ ಸತ್ತಿಲ್ಲ." ಹಳೆ ಬಲ್ಬನ್ನು ಅವಳ ಕೈಗೆ ಕೊಟ್ಟರು. "ಮೇಸ್ತ್ರಿ ಏನಂದ್ರು?"

"ಅವರೇನಂತಾರೆ? ಅವರಿಗಿರೋದೇ ಒಂದು ಮಾತು."

"ನೀವು ಕೇಳಿದ್ರಾ?"

ಬುಗುರಿ ಏಣಿ ಬಿಟ್ಟುಬಿಟ್ಟಳು. ಪುಣ್ಯಕ್ಕೆ ಪಾದ್ರಿ ಕಿಟಕಿ ಹಿಡಿದುಕೊಂಡರು. ಕೇಳುವುದಿರಲಿ, ನಾಳೆಯ ರೊಟ್ಟಿ ಮಾಡುವ ಸುದ್ದಿಯನ್ನೇ ಅವಳು ಗಂಡನಿಗೆ ಹೇಳಿರಲಿಲ್ಲ. ಅಲ್ಲಿಂದ ಮನೆಗೆ ನಡೆದಳೋ ಓಡಿದಳೋ ಅವಳಿಗೇ ತಿಳಿಯದು. ಒಡೆಯದೆ ಉಳಿದ ಬಲ್ಬೊಂದು ಕೈಯಲ್ಲೇ ಇತ್ತು.

ಬೇಕರಿಗೆ ಬಂದಾಗ ಗಡಿಯಾರ ಎರಡು ತೋರಿಸುತ್ತಿತ್ತು. ಬಟ್ಟಲಲ್ಲಿ ನೊರೆ ಇಳಿದು ಯೀಸ್ಟ್ ಸತ್ತಿತ್ತು. ಅದನ್ನು ಚೆಲ್ಲಿದಳು. ನಡುಬಾಗಿಲ ಚಿಲಕ ತೆಗೆದಳು.

ಮೇಸ್ತ್ರಿ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದ. ಅವಳ ಕೈಗಳು ಅಭ್ಯಾಸದಂತೆ ಹೊದಿಕೆ ಮಡಿಸಿದವು, ಔಷಧಿ ಬಾಟಲಿ ಸಾಲುಗೂಡಿಸಿದವು, ಇಲ್ಲದ ಧೂಳನ್ನು ಒರೆಸಿದವು. ಆಮೇಲೆ ಕೈಗಳಿಗೆ ಕೆಲಸ ಮುಗಿಯಿತು. ಅವನೆದುರಿಗೆ ಮಣೆ ಎಳೆದುಕೊಂಡು ಕೂತಳು.

"ರೀ, ಒಂಬತ್ತು ಗಂಟೆಗೇ ಶುರುವಾಗಿತ್ತು. ಹತ್ತೂವರೆಗಲ್ಲ. ನೀವು ಜೋಮು ಅಂದ್ರಿ, ನಾನು ನಾಟಕ ಅಂದೆ. ಡಾಕ್ಟರ್ ಹತ್ರ ಸುಳ್ಳು ಹೇಳ್ದೆ. ಎಲ್ರೂ ನನ್ನನ್ನ ಬಯ್ತಾರೆ ಅಂತ ಹೆದರಿ ಹೇಳ್ದೆ. ನೀವು ನಾಲ್ಕು ತಿಂಗಳಿಂದ ಒಂಬತ್ತು ಒಂಬತ್ತು ಅಂತಿದ್ದೀರಿ, ನಾನು ಕೇಳಿಸ್ಕೊಳ್ದೆ ಬಾಗ್ಲು ಹಾಕ್ಕೊಂಡೆ."

ಅವನು ಬಾಯಿ ತೆರೆದ. ಆ ಒಂದು ಮಾತೂ ಬರಲಿಲ್ಲ. ಅವಳನ್ನೇ ದಿಟ್ಟಿಸಿ ನೋಡಿ, ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಇಷ್ಟು ಹೊತ್ತಿಗೆ ಹಳೆಯ ಬುಗುರಿಯಾಗಿದ್ದರೆ ಎದ್ದು ಮೂರು ಕೆಲಸ ಮಾಡಿರುತ್ತಿದ್ದಳು. ಹೊರಗೆ ಯಾರೋ ಗಾಜಿನ ಮೇಲೆ ತಟ್ಟಿ, "ಅಕ್ಕಾ, ಬನ್ ಇದೆಯಾ?" ಎಂದು ಕೂಗಿದರು. ಅವಳು ಏಳಲಿಲ್ಲ. ಮತ್ತೆ ತಟ್ಟಿದರು, ಬೈದುಕೊಂಡು ಹೋದರು. ಕರ್ತನೇ, ನಾನಿನ್ನು ಓಡಲ್ಲ, ಅವರು ತಿರುಗಿ ನೋಡದಿದ್ದರೂ ಇಲ್ಲೇ ಕೂತಿರ್ತೀನಿ ಎಂದಳು ಮನಸ್ಸಿನಲ್ಲೇ. ಅವಳಿಗೆ ಬಂದ ಪ್ರಾರ್ಥನೆ ಅಷ್ಟೇ. ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಗಂಡ ಇನ್ನೂ ಗೋಡೆಯನ್ನೇ ನೋಡುತ್ತಿದ್ದ, ಕ್ಷಮೆಯ ಸುಳಿವೇ ಇರಲಿಲ್ಲ, ಆದರೂ ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ಎದೆತುಂಬ ಉಸಿರಾಡಲು ಆಯಿತು. ಯಾರೋ ಪಕ್ಕದಲ್ಲಿ ಬಂದು ಕೂತ ಹಾಗೆ ಕೋಣೆ ತಣ್ಣಗಿತ್ತು. ಅವಳು ಅಳುತ್ತಿದ್ದಳು, ಆದರೆ ಹೆದರಿಕೆ ಇರಲಿಲ್ಲ.

ಗಡಿಯಾರ ಎರಡೂವರೆ ಹೊಡೆಯಿತು. ಅವನು ಈಚೆ ತಿರುಗಿದಾಗ ಎರಡು ಕೆನ್ನೆಯೂ ಒದ್ದೆಯಾಗಿತ್ತು. ಎಡಗೈ ಮುಷ್ಟಿ ಕಟ್ಟಿ ಅವಳ ಭುಜಕ್ಕೊಂದು ಗುದ್ದಿದ. ಮೆಲ್ಲಗೇನಲ್ಲ, ಸರಿಯಾಗಿಯೇ. ಆಮೇಲೆ ಅದೇ ಕೈಯಿಂದ ಅವಳ ತಲೆಯನ್ನು ತನ್ನ ಮಂಡಿಗೆ ಒತ್ತಿ ಹಿಡಿದುಕೊಂಡ.

"ಇವತ್ತು ಕರ್ತನ ರೊಟ್ಟಿ ಮಾಡ್ಬೇಕು ರೀ. ನಾಳೆಗೆ. ನಂಗೆ ಬರಲ್ಲ."

"ಒಂಬತ್ತು!" ಎಂದು ಅವನು ಬೇಕರಿಯ ಕಡೆ ಬೆರಳು ಚಾಚಿದ.

ಹೊಸ್ತಿಲಲ್ಲಿ ಗಾಲಿ ಸಿಕ್ಕಿಕೊಂಡಿತು. ಅವಳು ತಳ್ಳಿದಳು, ಅವನು ಚೌಕಟ್ಟು ಹಿಡಿದು ಎಳೆದ, ಕುರ್ಚಿ ದಡಕ್ಕನೆ ಬೇಕರಿಯೊಳಗೆ ಇಳಿಯಿತು. ಮೇಸ್ತ್ರಿ ಮೂಗೆತ್ತಿ ಗಾಳಿ ಮೂಸಿದ. ಆಮೇಲೆ ಶುರುವಾಯಿತು ನೋಡಿ! ಸೀದುಹೋದ ಟ್ರೇ ತೋರಿಸಿ ಒಂಬತ್ತು, ನೆಲ ಒರೆಸುವ ಬಟ್ಟೆಯಾಗಿದ್ದ ತನ್ನ ಏಪ್ರನ್ ತೋರಿಸಿ ಒಂಬತ್ತು ಒಂಬತ್ತು, ಸರಿಯಾಗಿ ಮುಚ್ಚದ ಭಟ್ಟಿಯ ಬಾಗಿಲು ಕಂಡಾಗಲಂತೂ ಉಸಿರು ಕಟ್ಟುವಷ್ಟು ಒಂಬತ್ತು. ನಾಲ್ಕು ತಿಂಗಳು ಬಾಗಿಲ ಆಚೆ ಕೂತು, ತನ್ನ ಬ್ರೆಡ್ಡು ಸೀಯುವ ವಾಸನೆ ಕುಡಿದ ಮನುಷ್ಯನ ಸಿಟ್ಟು ಅದು. "ಹೌದು ಮಹರಾಯರೇ, ತಪ್ಪು. ಹೌದು, ಅದೂ ತಪ್ಪು" ಎನ್ನುತ್ತ ಅಳುತ್ತಿದ್ದ ಬುಗುರಿಗೆ ನಗು ಯಾವಾಗ ಬಂತೋ, ಅವನೂ ಸೊಟ್ಟ ಬಾಯಲ್ಲೇ ಗೊಗ್ಗರು ದನಿಯಲ್ಲಿ ನಗತೊಡಗಿದ.

ಹೊಸ ಯೀಸ್ಟ್ ನೊರೆಯೆದ್ದಿತು. ಮರಿಗೆಯೊಳಗೆ ಅವಳ ಬಲಗೈ ಹೋಯಿತು, ಪಕ್ಕದಲ್ಲಿ ಅವನ ಎಡಗೈ ಹೋಯಿತು. ಒಂದು ಆಚೆ ತಳ್ಳಿದರೆ ಇನ್ನೊಂದು ಈಚೆ ಎಳೆಯಿತು. ಮೂರು ಹೊಡೆಯುವಾಗ ಹಿಟ್ಟು ನಾದಿ ಮುಗಿದಿತ್ತು.

ಸಂಜೆ ನಾದಿನಿ ಬಂದಾಗ ಅವಳಿಗೂ ಎಲ್ಲ ಹೇಳಿದಳು. ಸೋಮವಾರ ಡಾಕ್ಟರಿಗೂ ಹೋಗಿ ಹೇಳುವುದಾಗಿ ಹೇಳಿದಳು. ನಾದಿನಿ ಅಣ್ಣನ ಬೆರಳುಗಳನ್ನು ತಿಕ್ಕಿ ಮುಗಿಸಿ, ಅತ್ತಿಗೆ ಕೊಟ್ಟ ಚಹಾ ಮುಟ್ಟದೆ ಹೊರಟುಹೋದಳು.

ಭಾನುವಾರ ಮೇಜಿನ ಮೇಲಿದ್ದ ರೊಟ್ಟಿ ಒಂದು ಕಡೆ ಗುಡ್ಡ, ಒಂದು ಕಡೆ ಬಯಲು. ಪಾದ್ರಿ ಅದನ್ನು ಎತ್ತಿ ಹಿಡಿದಾಗ ವಾಲಿತು. ನಾದಿನಿ ಅದೇ ಬೆಂಚಿಗೆ ಬಂದಿದ್ದಳು, ಆದರೆ ಅಣ್ಣನ ಆ ಬದಿಗೆ, ಅತ್ತಿಗೆಯ ಮುಖ ನೋಡದೆ. ದರ್ಜಿ ಗಾಯನ ತಂಡದಿಂದ ಬೇಕೆಂದೇ ಇನ್ನೂ ಎತ್ತರಕ್ಕೆ ಎಳೆದು ಹಾಡಿದ್ದಳು. ರೊಟ್ಟಿ ಮುರಿದು ಕೈಯಿಂದ ಕೈಗೆ ಬಂತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಎಲ್ಲರೂ ಆಮೆನ್ ಎಂದು ಸುಮ್ಮನಾದ ಮೇಲೆ, ಒಂದು ಕ್ಷಣ ತಡವಾಗಿ, ಇಡೀ ದೇವಾಲಯಕ್ಕೆ ಕೇಳುವ ಹಾಗೆ ಮೇಸ್ತ್ರಿ ಹೇಳಿದ:

"ಒಂಬತ್ತು."

ಬುಗುರಿಯ ಎದೆ ಈ ಸಲ ಧಸಕ್ಕೆನ್ನಲಿಲ್ಲ. "ಹೌದು ರೀ, ಒಂಬತ್ತಕ್ಕೇ" ಎಂದಳು ಅವಳೂ ಗಟ್ಟಿಯಾಗಿ.

ಆ ಬದಿಯಿಂದ ನಾದಿನಿಯ ಕೈ ಅಣ್ಣನ ಮಡಿಲು ದಾಟಿ ಬಂತು. ಅದರಲ್ಲಿ ರೊಟ್ಟಿಯ ಚೂರಿತ್ತು. ಮುಖ ಇನ್ನೂ ಬಿಗಿದೇ ಇತ್ತು, ಆದರೂ ಚೂರನ್ನು ಮುರಿದು ಅರ್ಧವನ್ನು ಅತ್ತಿಗೆಯ ಅಂಗೈಯಲ್ಲಿಟ್ಟಳು.

ಬುಗುರಿ ಅದನ್ನು ಬಾಯಿಗಿಟ್ಟುಕೊಂಡು, ಅಲುಗಾಡದೆ ಕೂತು ಅಗಿದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.