ಗ ಮುಗಿದ ದಿನ

ಸಾಹಿತ್ಯ ಚರಿತ್ರೆಕಾರರು ಅದೇಕೋ ಗಮನಿಸದೆ ಬಿಟ್ಟ ಘೋರ ಬಿಕ್ಕಟ್ಟೊಂದು ನಾನು ಐದನೇ ತರಗತಿಯಲ್ಲಿದ್ದಾಗ ಸಂಭವಿಸಿತು: ನಮ್ಮತ್ತೆ ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ‘ಗ’ ಮುಗಿದುಹೋಯಿತು.

ಅತ್ತೆ ಅಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರಗಳನ್ನು ಮರದ ಖಾನೆಗಳಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಅವರ ಹೆಬ್ಬೆರಳ ತುದಿ ಭಾನುವಾರವೂ ಕಪ್ಪಗಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಶಾಯಿ, ಸೀಮೆಎಣ್ಣೆ, ಹೊಸ ಕಾಗದ ಬೆರೆತ ಆ ವಾಸನೆ ಈಗ ಎಲ್ಲೂ ಸಿಗುವುದಿಲ್ಲ. ಸಿಕ್ಕಿದರೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತೇನೆ.

ಆ ವಾರ ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ನನ್ನ ಮೊಟ್ಟಮೊದಲ ಪದ್ಯವಿತ್ತು. ಅನುಪ್ರಾಸದ ಪಾಠ ಮಾಡಿದ ಟೀಚರ್, “ಒಂದೇ ಅಕ್ಷರ ಮತ್ತೆ ಮತ್ತೆ ಬರಬೇಕು” ಎಂದಿದ್ದರು. ನಾನು ದೊಡ್ಡವರ ಮಾತು ಮೀರುವವಳಲ್ಲ. ‘ಗಾಳಿ ಗದರಿತು, ಗುಡುಗು ಗೊಣಗಿತು, ಗೂಬೆ ಗೂಡಲಿ ಗಡಗಡ ನಡುಗಿತು’ ಎಂದು ಶುರುವಾಗಿ ಹದಿನಾರು ಸಾಲೂ ಗಕಾರದಲ್ಲೇ ನಡೆದಿದ್ದವು.

“ಲೇ ಮಹಾಕವಿ,” ಅತ್ತೆ ಕರೆದರು. “ನನ್ನ ಖಾನೆ ಗುಡಿಸಿ ಗುಂಡಾಂತರ ಮಾಡಿಬಿಟ್ಟೆ ಕಣೇ. ಇನ್ನೂ ನಾಲ್ಕು ಸಾಲು ಬಾಕಿ, ಒಂದೇ ಒಂದು ಗ ಇಲ್ಲ. ಇದೇ ಹಾಳೇಲಿ ನಿಮ್ಮ ಹೆಡ್‌ಮೇಷ್ಟ್ರ ಸಂದೇಶ ಬೇರೆ ಬರ್ಬೇಕು. ‘ಗೌರವಾನ್ವಿತ ಗಣ್ಯರೇ, ಗುರುವೃಂದದವರೇ’ ಅಂತ ಅದಕ್ಕಾಗ್ಲೇ ಒಂದು ಮುಷ್ಟಿ ಹೋಗಿದೆ.”

“ಯಾರದ್ದು ತೆಗೀತೀರಿ ಅತ್ತೆ?”

“ನಿಂದೇ. ಅವರು ಹೆಡ್‌ಮೇಷ್ಟ್ರು. ನೀನು ಮೂಗು ಒರೆಸ್ಕೊಳ್ಳೋಕೆ ಬರದೋಳು.”

ನನಗೆ ಅಳು ಒತ್ತರಿಸಿಕೊಂಡು ಬಂತು. ಪದ್ಯ ಬರುವ ಪುಟದ ಸಂಖ್ಯೆಯನ್ನೂ ತರಗತಿಗೆಲ್ಲ ಸಾರಿಯಾಗಿತ್ತು. ಹೇಗಾದರೂ ಉಳಿಯಲಿ ಎಂದು ಗಾಳಿಯೊಂದನ್ನು ಬಿಟ್ಟು ಉಳಿದ ಗ ಎಲ್ಲ ತೆಗೆದು ಬೇರೆ ಪದ ಹಾಕಿ ಓದಿದೆ: ‘ಗಾಳಿ ಬೈಯಿತು, ಸಿಡಿಲು ಮುನಿಯಿತು...’

ಅತ್ತೆಯ ಕೈ ನಿಂತಿತು.

“ಅರ್ಥವೇನೋ ಅದೇ. ಆದ್ರೆ ಗಾಳಿ ಬಾಯಿ ಮುಚ್ಕೊಂಡು ಬೈತಾ ಇದೆ. ನಾನು ಇಲ್ಲಿ ಓದೋದಿಲ್ಲ ಕಣೇ, ಹೆಕ್ಕೋದಷ್ಟೆ. ಬೇರೆಯವರದ್ದಾದ್ರೆ ಕೈ ಖಾನೆಯಿಂದ ಖಾನೆಗೆ ಊರೆಲ್ಲ ಅಲೆಯುತ್ತೆ. ನಿಂದಕ್ಕೆ ಒಂದೇ ಮನೆ ಬಾಗಿಲು ಬಡಿದಿದ್ದೇ ಬಡಿದಿದ್ದು, ತಾಳ ಹಾಕ್ದಂಗೆ. ಈಗ ಆ ತಾಳಾನೇ ಹೋಯ್ತಲ್ಲ.”

ಟೀಚರ್ ಎರಡು ದಿನ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದ್ದು ನನಗೆ ಆಗ ತಿಳಿಯಿತು.

ಸಂಜೆ ಹೆಡ್‌ಮೇಷ್ಟ್ರು ಕರಡು ನೋಡಲು ಬಂದರು. “ಸಾರ್, ಗ ಸಾಲ್ತಾ ಇಲ್ಲ. ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡ್ಬೇಕು. ಎರಡೂ ಓದಿಸ್ತೀನಿ, ನೀವೇ ಹೇಳಿ,” ಎಂದರು ಅತ್ತೆ.

ನಾನು ನಿಂತು ಓದಿದೆ. ಸಂದೇಶದ ಮೂರನೇ ವಾಕ್ಯಕ್ಕೆ ಬರೆದವರೇ ಆಕಳಿಸಿದರು. ಪದ್ಯ ಶುರುವಾದಾಗ ಅವರ ತಲೆ ತಾನಾಗಿಯೇ ಆಡತೊಡಗಿತು.

“ಏನಮ್ಮಾ, ನನ್ನ ಗಣ್ಯರು ಇಲ್ದೇನೂ ನಡೆಯುತ್ತೆ ಅಂತೀರಾ?”

“ಪ್ರತಿ ವರ್ಷ ಅವರೇ ಬರ್ತಾರೆ ಸಾರ್. ಈ ಸಲ ರಜ ಕೊಡಿ.”

ಅವರು ಕಿಸೆಯಿಂದ ಪೆನ್ಸಿಲ್ ತೆಗೆದರು.

ಸಂದೇಶ ಮೂರು ಸಾಲಿಗೆ ಇಳಿಯಿತು. ಪದ್ಯ ಹದಿನಾರು ಸಾಲೂ ಅಚ್ಚಾಯಿತು.