ಎರಡನೇ ಟ್ರಿಪ್ಪಿಗೆ ಮುನ್ನ ಸೂಜಿ

೧

ಎಲ್ಲಿಂದ ಶುರು ಮಾಡುವುದು? ಬಸ್ಸು ಕಂದಕಕ್ಕೆ ಉರುಳುವಲ್ಲಿಂದ ಎಂದುಕೊಂಡಿದ್ದೆ. ಬರೆದೂ ಬರೆದೆ. ಆ ಬಸ್ಸಿನ ಡ್ರೈವರ್ ಒಪ್ಪಲಿಲ್ಲ.

"ನಾನು ಸತ್ರೇನೇ ನಿಮ್ಮ ಓದುಗರಿಗೆ ಸಿಟ್ಟು ಬರೋದಾ ಸಾರ್? ಬದುಕಿದ್ದಾಗ ಬರಲ್ವಾ?" ಎಂದು ಕೇಳಿದ.

ಪುಟ ಹರಿದುಹಾಕಿದೆ. (ಚೆನ್ನಾಗಿಯೇ ಬಂದಿತ್ತು. ಹೊಟ್ಟೆ ಉರಿಯಿತು.) ಈಗ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

೨

ಬಸ್ ಡಿಪೋದ ಹಿಂಬದಿಯಲ್ಲಿ, ಹಳೇ ಟಯರ್ ಪೇರಿಸಿಡುವ ಕೋಣೆಗೆ ಅಂಟಿಕೊಂಡು ಒಂದು ಕ್ಲಿನಿಕ್ಕು. ಅಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಿಗೆ ಡ್ರೈವರುಗಳು ಇಟ್ಟ ಹೆಸರು ಸೂಜಿಯಮ್ಮ. ಗಾಡಿ ಓಡಿಸಿ ಸುಸ್ತಾಗಿ ಬಂದವರಿಗೂ, ರಜೆ ಮುಗಿಸಿ ಕಣ್ತುಂಬ ನಿದ್ದೆ ಮಾಡಿ ಬಂದವರಿಗೂ ಮಣಿಕಟ್ಟಿನ ಬಳಿ ಅದೇ ಜಾಗಕ್ಕೆ ಸೂಜಿ ಚುಚ್ಚಿ, ಎದೆಬಡಿತದ ಲಯ ಹೇಗೆ ಬದಲಾಗುತ್ತದೆಂದು ಆಕೆ ಯಂತ್ರದ ಪರದೆಯ ಮೇಲೆ ನೋಡಿದ್ದಳು. ನಿದ್ದೆಯಾದವರ ಗ್ರಾಫು ಹೆಚ್ಚೇನೂ ಕದಲಲಿಲ್ಲ. ದಣಿದವರದು ಮಾತ್ರ ಮೆಲ್ಲಗೆ ಹದಕ್ಕೆ ಬಂತು. ಇವರ ದಣಿವು ಈಗಲಾದರೂ ಮೇಲಿನವರ ಕಣ್ಣಿಗೆ ಬೀಳುತ್ತದೆ, ನಾಲ್ಕು ದಿನ ರಜೆ ಸಿಗುತ್ತದೆ ಎಂಬ ಆಸೆಯಿಂದ ಅದನ್ನು ಡಿಪೋ ಮ್ಯಾನೇಜರಿಗೆ ತಿಳಿಸಿದಳು.

ಅವನು ಅರ್ಥ ಮಾಡಿಕೊಂಡದ್ದೇ ಬೇರೆ. ಸೂಜಿಯಿಂದ ದಣಿವು ಹೋಗುವುದಾದರೆ ರಜೆ ಯಾಕೆ?

(ಇಲ್ಲಿ ನಾನೊಂದು ವ್ಯಂಗ್ಯದ ಮಾತು ಸೇರಿಸಬೇಕಿತ್ತು. ಮ್ಯಾನೇಜರ್ ಜಾಗವೇ ಬಿಟ್ಟಿಲ್ಲ.)

೩

ಒಂದು ಮಧ್ಯಾಹ್ನ, ದೂರದ ಊರಿಂದ ಗಾಡಿ ತಂದು ಆಗಷ್ಟೇ ಇಳಿದಿದ್ದ ನಮ್ಮ ಡ್ರೈವರನ್ನು ಮ್ಯಾನೇಜರೇ ಕ್ಲಿನಿಕ್ಕಿಗೆ ಕರೆತಂದ. ಬದಲಿ ಜನ ಇಲ್ಲ, ಇನ್ನೊಂದು ಟ್ರಿಪ್ಪೂ ಇವನೇ ಹೋಗಬೇಕು, ಬೇಗ ಚುಚ್ಚಿ ಕಳಿಸಿ ಎಂದ. ಡ್ರೈವರನ ಕಣ್ಣು ಕೆಂಡವಾಗಿತ್ತು. ಅಂಗಿಯ ಗುಂಡಿ ಸಿಗದೆ ಬೆರಳು ತಡವರಿಸುತ್ತಿದ್ದವು.

"ಸೇತುವೆ ದಾಟಿದ್ದೇ ನೆನಪಿಲ್ಲ ಅಮ್ಮ," ಎಂದ ಸಣ್ಣ ದನಿಯಲ್ಲಿ. "ದಾಟಿರ್ತೀನಿ. ಇಲ್ಲಿದ್ದೀನಲ್ಲ."

ಸೂಜಿಯಮ್ಮ ಅವನ ಮಣಿಕಟ್ಟಿನ ಬಳಿ ಸೂಜಿ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಲಯ ಸುಧಾರಿಸಿತು. ನೋಡಿ, ಫ್ರೆಶ್ ಆದ ಎಂದ ಮ್ಯಾನೇಜರ್.

"ಫ್ರೆಶ್ ಆಗಿರೋದು ಗ್ರಾಫು ಸಾರ್. ಅದನ್ನೇ ಕಳಿಸಿ, ಗಾಡಿ ಓಡಿಸ್ಲಿ," ಎಂದ ಡ್ರೈವರ್ ಕಣ್ಣು ತೆರೆಯದೆ. ಹಾಗೆಂದವನು ಗೊರಕೆ ಹೊಡೆಯತೊಡಗಿದ.

ಈ ಮನುಷ್ಯನ ನಿದ್ದೆ ಕದಿಯಲು ತನ್ನ ಕೈಯೇ ಬೇಕಾಯಿತಲ್ಲ ಎಂದು ಸೂಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೈಯಲ್ಲಿ ಸೂಜಿ ಇರುವಾಗ ಇವನನ್ನು ಮುಟ್ಟಬಾರದೆಂದು ಹೇಳಿ ಮ್ಯಾನೇಜರನ್ನು ಹೊರಗೆ ಕಳಿಸಿ ಚಿಲಕ ಹಾಕಿದಳು. ಆಮೇಲೆ ಸೂಜಿಗಳನ್ನೆಲ್ಲ ತೆಗೆದು, ಹೊದಿಕೆ ಹೊದಿಸಿದಳು.

೪

ಹೊರಗೆ ಪ್ರಯಾಣಿಕರ ಗಲಾಟೆ. ಮ್ಯಾನೇಜರ್ ಬಾಗಿಲು ಬಡಿದು, ಇವನು ಯಾವಾಗ ಏಳುತ್ತಾನೆಂದು ಕೇಳಿದ.

"ನಿದ್ದೆ ಆದ್ಮೇಲೆ," ಎಂದಳು.

ಮುಂದೆ? ಆಕೆಯ ಕೆಲಸ ಹೋಗಬಹುದು. ವಿಷಯ ತಿಳಿದ ಪ್ರಯಾಣಿಕರು ಮ್ಯಾನೇಜರನ ಮೇಲೆ ತಿರುಗಿಬೀಳಬಹುದು. (ನಿಮಗೆ ಇದೇ ಇಷ್ಟವಾದೀತು. ನನಗೆ ನಂಬಿಕೆಯಿಲ್ಲ.) ಅವನು ಇನ್ನೊಬ್ಬ ದಣಿದವನನ್ನು ಹಿಡಿದು ತಂದು ಬಸ್ಸಿಗೆ ಹತ್ತಿಸಲೂಬಹುದು. ಯಾವುದನ್ನು ಉಳಿಸಿಕೊಳ್ಳಲಿ? ಡ್ರೈವರನ್ನೇ ಕೇಳೋಣವೆಂದು ಒಳಹೊಕ್ಕೆ. (ಬರೆಯುವವನಿಗೆ ಚಿಲಕದ ಹಂಗಿಲ್ಲ.) ಅವನ ಭುಜದತ್ತ ಕೈ ಚಾಚಿದೆ.

ಸೂಜಿಯಮ್ಮ ನನ್ನ ಕೈ ಹಿಡಿದಳು. ದನಿ ಎತ್ತಲಿಲ್ಲ.

"ನಿಮಗೂ ಅರ್ಜೆಂಟಾ? ಹೊರಗೆ ನಿಂತ್ಕೊಳ್ಳಿ."

ನಿಂತಿದ್ದೇನೆ, ಮ್ಯಾನೇಜರನ ಪಕ್ಕದಲ್ಲಿ.